ಕಾಮಕಸ್ತೂರಿ ಎಲೆ ಒಣಗಿಸೋವಾಗ ಕಪ್ಪಾಗ್ತಿದೆ, ಬಾಟ್ಲಿಲಿ ಬೂಷ್ಟು ಬೇರೆ, ಹೆಲ್ಪ್ ಮಾಡಿ

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ಕುಂಡದಲ್ಲಿ ಕಾಮಕಸ್ತೂರಿ (ಬೇಸಿಲ್) ಹಾಕಿದೀನಿ, ಒಳ್ಳೆ ಪೊದೆಯಾಗಿ ಬಂದಿದೆ, ತುದೀಲಿ ಹೂವಿನ ಕುಡಿನೂ ಕಾಣ್ತಿದೆ, ಇದೇ ಮೊದಲ್ನೇ ಕೊಯ್ಲು. ಎಲೆ ಬಿಡಿಸಿ ತೊಳೆದು ಬಟ್ಟೆ ಮೇಲೆ ಹರವಿದ್ರೆ ಅರ್ಧಕ್ಕರ್ಧ ಕಪ್ಪಾಯ್ತು. ಒಣಗಿದೆ ಅನ್ಸಿದ್ದನ್ನ ಗಾಜಿನ ಬಾಟ್ಲಿಗೆ ಹಾಕಿಟ್ಟೆ, ಈಗ ಮುಚ್ಚಳ ತೆಗೆದ್ರೆ ಮುಗ್ಗು ವಾಸನೆ, ತಳದಲ್ಲಿ ಬಿಳಿ ಬೂಷ್ಟು. ಮೇಲಿನ ಎಲೆ ಚೆನ್ನಾಗೇ ಇದೆ, ಅದನ್ನ ಬಳಸ್ಬಹುದಾ?

ಉತ್ತರ 1:
ದಯವಿಟ್ಟು ಬಳಸ್ಬೇಡಿ, ಬಾಟ್ಲಿಲಿರೋದು ಪೂರ್ತಿ ಎಸೀರಿ. ಬೂಷ್ಟು ಕಣ್ಣಿಗೆ ಕಾಣೋ ಜಾಗದಲ್ಲಷ್ಟೇ ಇರಲ್ಲ.

ಕಪ್ಪಾಗೋದಕ್ಕೆ ಕಾರಣ ಏನಂದ್ರೆ ಕಾಮಕಸ್ತೂರಿ ಎಲೇಲಿ ನೀರು ಜಾಸ್ತಿ, ಎಲೆ ತುಂಬಾ ಮೆತ್ತಗೆ, ಸ್ವಲ್ಪ ಜಜ್ಜಿದ್ರೂ ಒಳಗಿರೋ ಕಿಣ್ವಕ್ಕೆ (ಎನ್ಜೈಮ್) ಗಾಳಿ ತಾಗಿ ಕಪ್ಪಾಗುತ್ತೆ, ಕತ್ತರಿಸಿಟ್ಟ ಬದನೆಕಾಯಿ ಕಪ್ಪಾಗುತ್ತಲ್ಲ ಹಾಗೇ. ನಿಧಾನಕ್ಕೆ ಒಣಗಿದಷ್ಟೂ ಜಾಸ್ತಿ ಕಪ್ಪು. ಒರೆಗಾನೊ, ಥೈಮ್ ಅನ್ನೋ ಪರಿಮಳದ ಸೊಪ್ಪೆಲ್ಲ ಕಟ್ಟು ಕಟ್ಟಿ ನೇತಾಕಿದ್ರೆ ತಾನಾಗೇ ಒಣಗುತ್ತೆ, ಆದ್ರೆ ಕಾಮಕಸ್ತೂರಿ, ಪುದೀನ ಎರಡೂ ಹಾಗಲ್ಲ.

ಈ ಸಲ ಹೀಗೆ ಮಾಡಿ ನೋಡಿ. ಬೆಳಿಗ್ಗೆ ಇಬ್ಬನಿ ಆರಿದ್ಮೇಲೆ, ಬಿಸಿಲು ಏರೋಕ್ ಮುಂಚೆ ಕೊಯ್ರಿ, ಆಗ ಘಮ ಚೆನ್ನಾಗಿರುತ್ತೆ. ಹೂ ಪೂರ್ತಿ ಅರಳೋಕೆ ಬಿಡ್ಬೇಡಿ, ಅರಳಿದ್ಮೇಲೆ ಗಿಡ ಬೀಜದ ಕಡೆ ತಿರುಗುತ್ತೆ, ಎಲೆ ಸಣ್ಣದಾಗಿ ರುಚೀನೂ ಒಗರಾಗುತ್ತೆ. ಎಲೆ ಒಂದೊಂದೇ ಕೀಳೋ ಬದಲು ಚೂಪಾದ ಕತ್ತರೀಲಿ ಗಿಣ್ಣಿನ ಸ್ವಲ್ಪ ಮೇಲಕ್ಕೆ ಕಡ್ಡಿ ಸಮೇತ ಕತ್ತರಿಸಿ, ಅಲ್ಲಿಂದ ಎರಡು ಚಿಗುರು ಹೊರಡುತ್ತೆ, ಒಂದೇ ಸಲಕ್ಕೆ ಗಿಡದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೇಡ. ತೊಳೆಯೋದಿದ್ರೆ ನೀರು ಪೂರ್ತಿ ಆರೋವರೆಗೂ ಕಾದು ಆಮೇಲೆ ಜಾಲರಿ ಮೇಲೆ ಒಂದೇ ಪದರದಲ್ಲಿ ಹರವಿ, ಕೆಳಗಿಂದಾನೂ ಗಾಳಿ ಆಡ್ಬೇಕು. ನೆರಳಲ್ಲಿ ಫ್ಯಾನ್ ಹಾಕಿ. ನೇರ ಬಿಸಿಲಿಗಿಟ್ರೆ ಬಣ್ಣ, ಪರಿಮಳ ಎರಡೂ ಹೋಗುತ್ತೆ. ಸೊಪ್ಪು, ಹಣ್ಣು ಒಣಗಿಸೋ ಡ್ರೈಯರ್ ಇದ್ರೆ 35ರಿಂದ 40 ಡಿಗ್ರಿ ಸೆಲ್ಸಿಯಸ್ ಸಾಕು, ಅದಕ್ಕಿಂತ ಬಿಸಿ ಮಾಡಿದ್ರೆ ಎಲೇಲಿರೋ ಎಣ್ಣೆನೇ ಹಾರಿಹೋಗುತ್ತೆ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್. ಪೂರ್ತಿ ಒಣಗಿದೆ ಅಂತ ಗೊತ್ತಾಗೋದು ಹೇಗೆ? ಹೋದ್ಸಲ ಮುಟ್ಟಿದ್ರೆ ಒಣಗಿದಂಗೇ ಇತ್ತು.

ಉತ್ತರ 1:
ಮೇಲೆ ಒಣಗಿರುತ್ತೆ, ನಡುನರ ಮತ್ತೆ ತೊಟ್ಟಲ್ಲಿ ನೀರು ಉಳ್ಕೊಂಡಿರುತ್ತೆ, ಮುಚ್ಚಿಟ್ಮೇಲೆ ಅದೇ ಎಲ್ಲಾ ಎಲೆಗೂ ಹರಡೋದು. ತೊಟ್ಟು ಬಗ್ಗಿಸಿದ್ರೆ ಪಟ್ ಅಂತ ಮುರೀಬೇಕು, ಎಲೆ ಬೆರಳಲ್ಲಿ ಪುಡಿಯಾಗ್ಬೇಕು. ಬಾಟ್ಲಿಗೆ ಹಾಕಿದ್ಮೇಲೂ ಮೊದಲ ವಾರ ದಿನಾ ನೋಡಿ, ಗಾಜಿನ ಒಳಗೆ ಮಂಜು ಕಟ್ಟಿದ್ರೆ ತಕ್ಷಣ ಹೊರಗೆ ಸುರಿದು ಮತ್ತೆ ಒಣಗಿಸಿ. ಎಲೆ ಇಡಿಯಾಗೇ ಇಡಿ, ಪುಡಿ ಮಾಡೋದು ಅಡುಗೆಗೆ ಹಾಕೋವಾಗ.

ಉತ್ತರ 2:
ಒಂದು ಸೇರಿಸ್ತೀನಿ, ಕೊಯ್ದಿದ್ದನ್ನ ಆಮೇಲೆ ಒಣಗಿಸೋಣ ಅಂತ ಫ್ರಿಜ್‌ನಲ್ಲಿ ಇಡ್ಬೇಡಿ, ಈ ಎಲೆಗೆ ಚಳಿ ಆಗ್ಬರಲ್ಲ, ಅಲ್ಲೂ ಕಪ್ಪಾಗುತ್ತೆ. ಕಡ್ಡಿ ನೀರಿನ ಲೋಟದಲ್ಲಿ ನಿಲ್ಲಿಸಿ ಹೊರಗೇ ಇಡಿ. ನಿಜ ಹೇಳ್ಬೇಕಂದ್ರೆ ಈ ಎಲೆ ಒಣಗಿಸೋದಕ್ಕಿಂತ ಎಣ್ಣೆ ಜೊತೆ ರುಬ್ಬಿ ಐಸ್ ಟ್ರೇಲಿ ಹಾಕಿ ಫ್ರೀಜರ್‌ಗೆ ಇಟ್ರೆ ಪರಿಮಳ ಎಷ್ಟೋ ಚೆನ್ನಾಗಿ ಉಳಿಯುತ್ತೆ. ರುಬ್ಬಿದ್ದನ್ನ ಹೊರಗಡೆ ಮಾತ್ರ ಇಟ್ಕೋಬೇಡಿ, ಹಸಿ ಎಲೆ ಎಣ್ಣೆಲಿ ಮುಳುಗಿ ಹೊರಗಿದ್ರೆ ಬಾಟುಲಿಸಂ (ಬ್ಯಾಕ್ಟೀರಿಯಾ ವಿಷದಿಂದ ಬರೋ ಗಂಭೀರ ಕಾಯಿಲೆ) ಆಗೋ ಅಪಾಯ ಇದೆ, ನೇರ ಫ್ರೀಜರ್‌ಗೇ ಹೋಗ್ಲಿ.