ಕೆಂಜಳಿಲಿನ ಜಂಪಿಂಗ್ ಗೇಮ್: ಯಾವ ರೂಢಿ ಇಟ್ಟುಕೊಳ್ಳೋಣ, ಯಾವುದು ಬಿಡೋಣ?

ಕೇಳಿದವರು, ಸಾಗರದ ಹತ್ತಿರದಿಂದ

ನಮಸ್ಕಾರ. ನಾನು ಮತ್ತು ತಂಗಿ ಸೇರಿ ಗೇಮ್ ಮಾಡುವ ಸಾಫ್ಟ್‌ವೇರ್ ಆದ ಗೊಡಾಟ್ ಎಂಜಿನ್‌ನಲ್ಲಿ ಒಂದು ಕಾರ್ಟೂನ್ ಗೇಮ್ ಮಾಡುತ್ತಿದ್ದೇವೆ. ಹಳೇ ಮಾರಿಯೋ ತರಹ ಓಡಿ, ಹಾರಿ ಮುಂದೆ ಹೋಗುವ ಪ್ಲಾಟ್‌ಫಾರ್ಮ್ ಗೇಮ್. ಕೋಡ್ ನನ್ನದು, ಚಿತ್ರ ಅವಳದು. ಹೀರೋ ನಮ್ಮ ತೋಟದ ಕೆಂಜಳಿಲು. ಮಂಗಗಳ ದೊರೆ ಅದರ ಮನೆಮಂದಿಯನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೋಗಿದ್ದಾನೆ, ಬಿಡಿಸಿಕೊಂಡು ಬರಬೇಕು. ಶುರುವಿನಲ್ಲಿ ಕಥೆ ಹೇಳಲು ಎರಡು ನಿಮಿಷದ ಮಾತುಕತೆ ಇಟ್ಟಿದ್ದೇವೆ.

ಇಂಥ ಗೇಮ್‌ಗಳಲ್ಲಿ ಎಲ್ಲ ಒಂದೇ ತರಹ ಇರುತ್ತದೆ ಅಲ್ವಾ? ಮೊದಲು ಹುಲ್ಲು, ಆಮೇಲೆ ಮರಳುಗಾಡು, ಮಂಜು, ಕೊನೆಗೆ ಲಾವಾ. ಮೂರೇ ಪೆಟ್ಟು ತಿಂದು ಸಾಯುವ ಬಾಸ್, ಅಂದರೆ ದೊಡ್ಡ ವೈರಿ. ನೂರು ನಾಣ್ಯಕ್ಕೆ ಒಂದು ಲೈಫ್. ಇದನ್ನೆಲ್ಲ ಇಡಲೇಬೇಕಾ? ಬಿಟ್ಟರೆ ಆಡುವವರಿಗೆ ಗೊಂದಲ ಆಗುತ್ತದಾ? ಮಾಡಿ ನೋಡಿದವರು, ಜಾಸ್ತಿ ಆಡಿದವರು ನಿಮ್ಮ ಅನುಭವ ಹೇಳಿ.

ಶಿವಮೊಗ್ಗದಿಂದ, ಗೇಮ್ ಕಂಪನಿಯಲ್ಲಿ ಕೆಲಸ ಮಾಡುವವರು

ಕಥೆ, ಬಾಸ್, ಲಾವಾ ಎಲ್ಲ ಆಮೇಲೆ. ಮೊದಲು ಹಾರುವುದು ಸರಿಯಾಗಿದೆಯಾ ನೋಡಿ. ಖಾಲಿ ಪರದೆ, ನಾಲ್ಕು ಕಟ್ಟೆ, ಒಂದು ಚೌಕದ ಡಬ್ಬಿ, ಅಷ್ಟರಲ್ಲೇ ಸುಮ್ನೆ ಹಾರಾಡುತ್ತಾ ಇರಬೇಕು ಅನ್ನಿಸಿದರೆ ಗೇಮ್ ಇದೆ ಅಂತ ಅರ್ಥ. ಗೊಡಾಟ್ ಟೆಂಪ್ಲೇಟ್‌ನಲ್ಲಿ ಬರುವ ಜಂಪ್ ಇದೆಯಲ್ಲ, ಅದನ್ನು ಹಾಗೇ ಬಿಡಬೇಡಿ. ಅದರಲ್ಲಿ ಕಾಲು ನೆಲಕ್ಕೆ ತಾಗಿದ್ದರೆ ಮಾತ್ರ ಹಾರಲು ಬಿಡುತ್ತದೆ. ನ್ಯಾಯವಾಗಿ ಅದು ಸರಿ, ಆದರೆ ಆಡುವವರಿಗೆ ಅದು ಮೋಸ ಅನ್ನಿಸುತ್ತದೆ.

ಒಳ್ಳೆಯ ಗೇಮ್‌ಗಳೆಲ್ಲ ಇಲ್ಲಿ ಸ್ವಲ್ಪ ಸುಳ್ಳು ಹೇಳುತ್ತವೆ. ಅಂಚು ದಾಟಿ ಕಾಲು ಗಾಳಿಯಲ್ಲಿ ಇದ್ದರೂ ಒಂದು ಚೂರು ಹೊತ್ತು ಹಾರಲು ಬಿಡುತ್ತವೆ. 2018ರ ಸೆಲೆಸ್ಟ್ ಅನ್ನುವ ಗೇಮ್‌ನಲ್ಲಿ ಇದು ಸೆಕೆಂಡಿನ ಹತ್ತನೇ ಒಂದು ಭಾಗ. ಇದಕ್ಕೆ ಕೊಯೋಟೆ ಟೈಮ್ ಅಂತ ಹೆಸರು. ರೋಡ್ ರನ್ನರ್ ಕಾರ್ಟೂನಿನಲ್ಲಿ ಆ ಕೊಯೋಟೆ (ತೋಳದಂಥ ಪ್ರಾಣಿ) ಪ್ರಪಾತ ದಾಟಿ ಓಡುತ್ತಲೇ ಇರುತ್ತಾನಲ್ಲ, ಕೆಳಗೆ ನೋಡುವ ತನಕ ಬೀಳುವುದಿಲ್ಲ, ಅದೇ. ಹಾಗೆಯೇ ನೆಲ ಮುಟ್ಟುವುದಕ್ಕೆ ಸ್ವಲ್ಪ ಮೊದಲೇ ಬಟನ್ ಒತ್ತಿದ್ದರೆ ಅದನ್ನು ನೆನಪಿಟ್ಟುಕೊಂಡು ಮುಟ್ಟಿದ ತಕ್ಷಣ ಹಾರಿಸಿ. ಬಟನ್ ಒತ್ತಿ ಹಿಡಿದರೆ ಎತ್ತರ, ಬೇಗ ಬಿಟ್ಟರೆ ಗಿಡ್ಡ. ಮೇಲೆ ಹೋಗುವಾಗ ಹಗುರ, ಬೀಳುವಾಗ ಗುರುತ್ವ ಜಾಸ್ತಿ. ಇದಿಷ್ಟೂ ಆಡುವವರ ಕಣ್ಣಿಗೆ ಬೀಳಬಾರದು, ಬಿದ್ದರೆ ಜಾಸ್ತಿ ಆಯಿತು ಅಂತ ಲೆಕ್ಕ.

ಇನ್ನೊಂದು, ತಂಗಿಯವರಿಗೆ. ಕೆಂಜಳಿಲಿನ ಬಾಲ ಮೈಗಿಂತ ಉದ್ದ. ಆ ಬಾಲವನ್ನು ಪೆಟ್ಟು ತಾಗುವ ಜಾಗಕ್ಕೆ ಸೇರಿಸಬೇಡಿ. ಬಾಲದ ತುದಿಗೆ ಮುಳ್ಳು ತಾಗಿ ಸತ್ತರೆ ಯಾರೂ ಒಪ್ಪುವುದಿಲ್ಲ. ಹೀರೋಗೆ ಪೆಟ್ಟು ತಾಗುವ, ಕಣ್ಣಿಗೆ ಕಾಣದ ಚೌಕ ಚಿತ್ರಕ್ಕಿಂತ ಚಿಕ್ಕದಿರಲಿ, ಹಣ್ಣು ಹೆಕ್ಕುವ ಚೌಕ ಚಿತ್ರಕ್ಕಿಂತ ದೊಡ್ಡದಿರಲಿ.

ತೀರ್ಥಹಳ್ಳಿಯಿಂದ, ಡ್ರಾಯಿಂಗ್ ಮೇಷ್ಟ್ರು

ನಾನು ಗೇಮ್ ಮಾಡುವವನಲ್ಲ, ಮಕ್ಕಳು ಆಡುವುದನ್ನು ನೋಡುವವನು. ಆ ಎರಡು ನಿಮಿಷದ ಮಾತುಕತೆ ತೆಗೆಯಿರಿ ಮಾರಾಯ್ರೇ. ಮಕ್ಕಳು ಅದನ್ನು ಓದುವುದೇ ಇಲ್ಲ. ಪರದೆಯ ಮೇಲೆ ಟಪಟಪ ಒತ್ತಿ ದಾಟಿಸಿಬಿಡುತ್ತಾರೆ, ಆಮೇಲೆ ಪಕ್ಕದವನನ್ನು "ಇದು ಎಲ್ಲಿಗೆ ಹೋಗಬೇಕು?" ಅಂತ ಕೇಳುತ್ತಾರೆ.

ಮಾತಿಲ್ಲದೆ ಕಥೆ ಹೇಳುವುದು ಈ ಜಾತಿಯ ಗೇಮ್‌ಗೆ ಹುಟ್ಟಿನಿಂದಲೇ ಬಂದದ್ದು. 1981ರ ಡಾಂಕಿ ಕಾಂಗ್ ನೋಡಿ. ಗೊರಿಲ್ಲಾ ಹೆಂಗಸನ್ನು ಹೊತ್ತುಕೊಂಡು ಏಣಿ ಹತ್ತುತ್ತದೆ, ಮೇಲೆ ನಿಂತು ಧಡ್ ಧಡ್ ಅಂತ ಕುಪ್ಪಳಿಸುತ್ತದೆ, ನೇರ ಇದ್ದ ಕಬ್ಬಿಣದ ತೊಲೆಗಳೆಲ್ಲ ಓರೆಯಾಗುತ್ತವೆ. ಯಾರು ಕೆಟ್ಟವನು, ಎಲ್ಲಿಗೆ ಹೋಗಬೇಕು, ದಾರಿ ಯಾಕೆ ಹೀಗಿದೆ, ಮೂರೂ ಒಂದೇ ಏಟಿಗೆ ತಿಳಿಯಿತು. 1991ರ ಸೋನಿಕ್‌ನಲ್ಲಿ ರೋಬೋಟ್ ಒಡೆದರೆ ಒಳಗಿಂದ ಒಂದು ಮೊಲವೋ ಹಕ್ಕಿಯೋ ಹೊರಗೆ ಹಾರಿ ಓಡುತ್ತದೆ. ವೈರಿ ಅಂದುಕೊಂಡದ್ದು ಸೆರೆಯಾಳು ಅಂತ ಗೊತ್ತಾಗಲು ಒಂದು ಅಕ್ಷರವೂ ಬೇಕಾಗಲಿಲ್ಲ. 1994ರ ಡಾಂಕಿ ಕಾಂಗ್ ಕಂಟ್ರಿಯಲ್ಲಿ ಶುರುವಿನಲ್ಲೇ ಬಾಳೆಹಣ್ಣಿನ ಗುಹೆಗೆ ಹೋದರೆ ಅದು ಖಾಲಿ. ಗೇಮ್ ಮುಗಿಸಿದ ಮೇಲೆ ಅದೇ ಗುಹೆ ತುಂಬಿರುತ್ತದೆ.

ನಿಮ್ಮದಕ್ಕೂ ಹೀಗೇ ಮಾಡಬಹುದು. ಗೂಡಿನಲ್ಲಿ ಅಳಿಲು ಮಲಗಿದೆ, ಮಂಗಗಳು ಬಂದವು, ಚೀಲ ಎತ್ತಿಕೊಂಡು ಬಲಗಡೆಗೆ ಓಡಿದವು. ಚೀಲ ತೂತು, ಅದರಿಂದ ನೇರಳೆಹಣ್ಣು ಒಂದೊಂದೇ ಉದುರುತ್ತಿದೆ. ಹೆಕ್ಕುತ್ತಾ ಹೋದರೆ ಅದೇ ದಾರಿ. ನಾಣ್ಯದ ಕೆಲಸವೂ ಆಯಿತು, ಕಥೆಯೂ ಆಯಿತು. ಅಳಿಲಿಗೆ ನಾಣ್ಯ ಯಾತಕ್ಕೆ ಹೇಳಿ?

ಮಂಗಗಳ ದೊರೆಯನ್ನು ಮೊದಲ ಸಲವೇ ಪೂರ್ತಿ ತೋರಿಸಬೇಡಿ. ಯಕ್ಷಗಾನದಲ್ಲಿ ಬಣ್ಣದ ವೇಷ ಬರುವ ರೀತಿ ನೋಡಿದ್ದೀರಲ್ಲ, ತೆರೆ ಹಿಡಿದಿರುತ್ತಾರೆ, ಚಂಡೆ ಏರುತ್ತದೆ, ಒಮ್ಮೆ ಕಿರೀಟದ ತುದಿ, ಒಮ್ಮೆ ಕೈ, ಮುಖ ಕಾಣುವ ಹೊತ್ತಿಗೆ ಮುಂದೆ ಕೂತ ಮಕ್ಕಳು ಅಮ್ಮನ ಸೆರಗು ಹಿಡಿದಿರುತ್ತಾರೆ. ಬಾಸ್ ಅಂದರೆ ಹಾಗೆ. ಮೊದಲ ಲೆವೆಲ್‌ನಲ್ಲಿ ಬಾಲ ಮಾತ್ರ, ಇನ್ನೊಂದರಲ್ಲಿ ಮರದ ಹಿಂದೆ ನೆರಳು. ವೇಷ ನೋಡಿದ ತಕ್ಷಣ ಇದು ರಾಜನೋ ರಾಕ್ಷಸನೋ ಹಾಸ್ಯಗಾರನೋ ಅಂತ ಗೊತ್ತಾಗುವಂತೆ ನಿಮ್ಮ ಪಾತ್ರಗಳನ್ನೂ ಬರೀ ಕಪ್ಪು ಆಕಾರವಾಗಿ ತುಂಬಿಸಿ ನೋಡಿ. ಗುರುತು ಸಿಗದಿದ್ದರೆ ಚಿತ್ರ ಬದಲಿಸಬೇಕು. ಮಾರಿಯೋಗೆ ಟೋಪಿ, ಮೀಸೆ ಬಂದದ್ದು ಕೂಡ ಹೀಗೆಯೇ. ಅಷ್ಟು ಚಿಕ್ಕ ಚಿತ್ರದಲ್ಲಿ ಕೂದಲು, ಬಾಯಿ ತೋರಿಸುವುದು ಕಷ್ಟವಾಗಿತ್ತು.

ಹೊಸನಗರದಿಂದ

ವರ್ಲ್ಡ್‌ಗಳ ಬಗ್ಗೆ, ಅಂದರೆ ಆ ಹುಲ್ಲು, ಮಂಜು, ಲಾವಾದ ಲೋಕಗಳ ಬಗ್ಗೆ ನನ್ನ ಮಾತು. ಚಿತ್ರ ಬದಲಿಸಿ, ಅದು ಮಾಡುವ ಕೆಲಸ ಬದಲಿಸಬೇಡಿ. ಮಂಜಿನ ವರ್ಲ್ಡ್ ಇರುವುದು ಮಂಜಿಗಾಗಿ ಅಲ್ಲ, ಜಾರುವುದಕ್ಕಾಗಿ. ನಮ್ಮ ಕಡೆ ಮಳೆಗಾಲದ ಅಂಗಳಕ್ಕಿಂತ ಜಾರುವ ಜಾಗ ಬೇಕಾ? ಪಾಚಿ ಕಟ್ಟಿದ ಕಡೆ ಜಾರುತ್ತದೆ, ಅಡಿಕೆ ದಬ್ಬೆ ಹಾಸಿದ ಕಡೆ ಕಾಲು ನಿಲ್ಲುತ್ತದೆ. ಬಣ್ಣ ನೋಡಿಯೇ ತಿಳಿಯುತ್ತದೆ. ಲಾವಾ ಅಂದರೆ ಮುಟ್ಟಿದರೆ ಸತ್ತೆ ಅಂತ. ಅದಕ್ಕೆ ಆಲೆಮನೆ ಇದೆ, ಕೊಪ್ಪರಿಗೆಯಲ್ಲಿ ಕೊತಕೊತ ಕುದಿಯುವ ಕಬ್ಬಿನ ಹಾಲು, ಕೆಳಗೆ ಬೆಂಕಿ, ಮೇಲೆ ಹೊಗೆ. ನೀರಿನ ವರ್ಲ್ಡ್‌ಗೆ ಶರಾವತಿ ಹಿನ್ನೀರು. 1964ರಲ್ಲಿ ಲಿಂಗನಮಕ್ಕಿ ಕಟ್ಟಿದ ಮೇಲೆ ಮುಳುಗಿದ ಹಳೇ ಮಡೆನೂರು ಅಣೆಕಟ್ಟು ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೆ ಕಾಣುತ್ತದಲ್ಲ. ನೀರು ಇಳಿದರೆ ಹೊಸ ದಾರಿ ತೆರೆಯುವ ಲೆವೆಲ್ ಮಾಡಿ, ನಾನು ದುಡ್ಡು ಕೊಟ್ಟು ಆಡುತ್ತೇನೆ. ಕೊನೆಗೆ ಮೇಲಕ್ಕೆ ಹತ್ತುವ ಲೆವೆಲ್ ಬೇಕಿದ್ದರೆ 253 ಮೀಟರಿನ ಜೋಗ ಇದ್ದೇ ಇದೆ.

ವೈರಿಗಳೂ ಹಾಗೆಯೇ. ಮೈಮೇಲೆ ಮುಳ್ಳು ಇದ್ದದ್ದರ ತಲೆ ಮೇಲೆ ಹಾರಬಾರದು ಅಂತ ಆಡುವವರೆಲ್ಲರಿಗೂ ಗೊತ್ತು. ನಮ್ಮ ಮುಳ್ಳುಹಂದಿ ಅದಕ್ಕೆ ಸಾಕು. ಇಂಬಳ ಕಚ್ಚಿಕೊಂಡರೆ ಸಾಯಬಾರದು, ನಿಧಾನ ಆಗಬೇಕು. ಉದುರಿಸಲು ಒಂದೆರಡು ಸಲ ಹಾರಬೇಕು. ತೋಟದಲ್ಲಿ ಹಾರುವ ಓತಿ ಇದೆ, ಅದು ಮರದಿಂದ ಮರಕ್ಕೆ ತೇಲುತ್ತದೆ. ಅದನ್ನು ಗೆಳೆಯ ಮಾಡಿಕೊಂಡರೆ ಅರ್ಧ ಗೇಮ್ ಆದ ಮೇಲೆ ತೇಲುವ ಶಕ್ತಿ ಸಿಗುತ್ತದೆ, ಹಳೇ ಲೆವೆಲ್‌ಗೆ ಹೋದರೆ ಮೊದಲು ಕೈಗೆ ಸಿಗದ ಹಣ್ಣು ಈಗ ಸಿಗುತ್ತದೆ.

ಕೇಳಿದವರು

ಆಲೆಮನೆ ಕೇಳಿ ತಂಗಿ ಆಗಲೇ ಪೆನ್ಸಿಲ್ ಹಿಡಿದು ಕೂತಳು. ಆದರೆ ಮಾತೇ ಇಲ್ಲದಿದ್ದರೆ ಹೇಗೆ ಆಡಬೇಕು ಅಂತ ಹೇಳುವುದು ಹೇಗೆ? ಸೂಚನೆಯ ಬೋರ್ಡ್ ಆದರೂ ಬೇಡವಾ? ಲೈಫ್, ಬಾಸ್ ಬಗ್ಗೆಯೂ ಯಾರಾದರೂ ಹೇಳಿ.

ಶಿವಮೊಗ್ಗದಿಂದ, ಮೇಲೆ ಬರೆದವರೇ

ಬೋರ್ಡ್ ಬೇಡ. 1985ರ ಸೂಪರ್ ಮಾರಿಯೋ ಬ್ರದರ್ಸ್‌ನ ಮೊದಲ ಪರದೆಯನ್ನೇ ಪಾಠದ ತರಹ ನೋಡಿ. ಮಾರಿಯೋ ಎಡಗಡೆ ನಿಂತಿದ್ದಾನೆ, ಬಲಗಡೆ ಜಾಗ ಖಾಲಿ, ಅಂದರೆ ಆ ಕಡೆ ನಡಿ ಅಂತ. ಹೊಳೆಯುವ ಪ್ರಶ್ನೆ ಗುರುತಿನ ಡಬ್ಬಿ. ಎದುರಿಗೆ ನಿಧಾನವಾಗಿ ಬರುವ ಒಂದು ವೈರಿ. ತಾಗಿದರೆ ಸಾಯುತ್ತೀರಿ, ಆದರೆ ಆಟ ಈಗಷ್ಟೇ ಶುರು, ಕಳೆದುಕೊಂಡದ್ದು ಏನೂ ಇಲ್ಲ. ಮುಂದಿನ ಸಲ ಹಾರುತ್ತೀರಿ. ಡಬ್ಬಿಯಿಂದ ಬಿದ್ದ ಅಣಬೆ ಬಲಕ್ಕೆ ಹೋಗಿ ಪೈಪಿಗೆ ಬಡಿದು ವಾಪಸ್ ನಿಮ್ಮ ಕಡೆಗೇ ಬರುತ್ತದೆ, ತಪ್ಪಿಸಿಕೊಳ್ಳುವುದೇ ಕಷ್ಟ. ತಾಗಿದ ಮೇಲೆ ನೋಡಿದರೆ ದೊಡ್ಡವನಾಗಿದ್ದೀರಿ. ಅಣಬೆ ಒಳ್ಳೆಯದು ಅಂತ ಯಾರೂ ಹೇಳಲಿಲ್ಲ.

ಮಾರಿಯೋ ಮಾಡುವ ನಿಂಟೆಂಡೋ ಕಂಪನಿಯ ಕೊಯಿಚಿ ಹಯಾಶಿದಾ 2011ರ ಸೂಪರ್ ಮಾರಿಯೋ 3ಡಿ ಲ್ಯಾಂಡ್ ಮಾಡಿದಾಗಿನ ಕ್ರಮ ಒಂದನ್ನು ವಿವರಿಸಿದ್ದಾರೆ. ಅದು ಜಪಾನಿನ ನಾಲ್ಕು ಚೌಕದ ಕಾಮಿಕ್ಸ್‌ನಿಂದ ಬಂದದ್ದು. ನಿಮ್ಮ ಜಾರುವ ಅಂಗಳಕ್ಕೆ ಹಾಕಿ ಹೇಳುತ್ತೇನೆ. ಮೊದಲು ಪಾಚಿ ಇರಲಿ, ಪಕ್ಕದಲ್ಲಿ ಹೊಂಡ ಇರಬಾರದು. ಸುಮ್ನೆ ಜಾರಿ ನೋಡಲಿ. ಆಮೇಲೆ ಪಾಚಿಯ ಕೊನೆಗೆ ಹೊಂಡ ಇಡಿ. ಮೂರನೆಯದಾಗಿ ಒಂದು ತಿರುವು ಕೊಡಿ, ಈ ತನಕ ಕಾಟ ಕೊಟ್ಟ ಜಾರಿಕೆಯೇ ಈಗ ಬೇಕಾಗಲಿ, ವೇಗವಾಗಿ ಜಾರಿದರೆ ಮಾತ್ರ ದೊಡ್ಡ ಹಳ್ಳ ದಾಟಬಹುದು. ಕೊನೆಗೆ ಕಲಿತದ್ದನ್ನು ಒಮ್ಮೆ ಜೋರಾಗಿ ತೋರಿಸಲು ಬಿಟ್ಟು ಲೆವೆಲ್ ಮುಗಿಸಿ. ಒಂದು ಲೆವೆಲ್‌ಗೆ ಒಂದೇ ಹೊಸ ಉಪಾಯ. ನಾಲ್ಕು ತುರುಕಿದರೆ ಒಂದೂ ನೆನಪಿರುವುದಿಲ್ಲ.

ಭದ್ರಾವತಿಯಿಂದ

ಚಿಕ್ಕವನಿದ್ದಾಗ ಟಿವಿ ಗೇಮ್ ಕ್ಯಾಸೆಟ್‌ನಲ್ಲಿ ಇದೇ ಮಾರಿಯೋ ಆಡಿ ಬೆಳೆದವನು ನಾನು. ರಾಜಕುಮಾರಿ ಬೇರೆ ಕೋಟೆಯಲ್ಲಿದ್ದಾಳೆ ಅಂತ ಏಳು ಸಲ ಹೇಳಿಸಿಕೊಂಡಿದ್ದೇವೆ, ಆಗ ಬಂದ ಸಿಟ್ಟು ಇನ್ನೂ ಇದೆ.

ಲೈಫ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಅದು ಅಂಗಡಿಯ ಮೆಷಿನ್‌ಗೆ ನಾಣ್ಯ ಹಾಕಿ ಆಡುತ್ತಿದ್ದ ಕಾಲದ್ದು, ಬೇಗ ಸತ್ತರೆ ಅಂಗಡಿಯವನಿಗೆ ಲಾಭ. ಮಾರಿಯೋ ಕೂಡ 2017ರ ಸೂಪರ್ ಮಾರಿಯೋ ಒಡಿಸ್ಸಿ ಗೇಮ್‌ನಲ್ಲಿ ಲೈಫ್ ಬಿಟ್ಟು, ಸತ್ತರೆ ಹತ್ತು ನಾಣ್ಯ ಕಳೆಯುವುದಕ್ಕೆ ಬಂದ. ಸೆಲೆಸ್ಟ್‌ನಲ್ಲಿ ಅದೂ ಇಲ್ಲ, ಸತ್ತ ತಕ್ಷಣ ಅದೇ ಪರದೆಯಲ್ಲಿ ಮತ್ತೆ ಶುರು. ನೀವು ಹತ್ತಿರ ಹತ್ತಿರ ಚೆಕ್‌ಪಾಯಿಂಟ್ ಕೊಡಿ, ಅಂದರೆ ಸತ್ತರೆ ಮತ್ತೆ ಶುರುವಾಗುವ ಜಾಗ. ಕೆಂಜಳಿಲು ಹೇಗೂ ಹಲವು ಮರಗಳಲ್ಲಿ ಗೂಡು ಕಟ್ಟುತ್ತದೆ, ಗೂಡೇ ಚೆಕ್‌ಪಾಯಿಂಟ್. ಇನ್ನೂ ಒಂದು, ಅದು ನೆಲಕ್ಕೆ ಇಳಿಯುವುದೇ ಅಪರೂಪ. ನೆಲ ಮುಟ್ಟಿದರೆ ನಾಯಿ ಬೊಗಳಲಿ, ಓಡಿ ಮರ ಹತ್ತಬೇಕು. ಹೊಂಡ ಮಾಡುವ ಕೆಲಸವೇ ತಪ್ಪಿತು.

ಆದರೆ ಬಾಸ್‌ಗೆ ಮೂರು ಪೆಟ್ಟು ಇರಲಿ, ಅದನ್ನು ಬೈಯುವವರ ಮಾತು ಕೇಳಬೇಡಿ. ಮೊದಲನೆಯದು ಕಲಿಯಲು, ಎರಡನೆಯದು ಕಲಿತದ್ದು ನಿಜವಾ ಅಂತ ನೋಡಲು, ಮೂರನೆಯದು ಸಿಟ್ಟಿಗೆದ್ದ ಬಾಸ್ ಜೊತೆ. ಕಪ್‌ಹೆಡ್ ತರಹ ಉದ್ದದ ಬಾಸ್ ಮಾಡುವ ಆಸೆ ಇದ್ದರೆ, 2017ರ ಆ ಗೇಮ್‌ಗೆ 1930ರ ದಶಕದ ಕಾರ್ಟೂನ್ ಶೈಲಿಯಲ್ಲಿ ಕೈಯಲ್ಲೇ ಚಿತ್ರ ಬರೆದಿದ್ದಾರೆ ಅನ್ನುವುದನ್ನು ತಂಗಿಗೆ ಮೊದಲೇ ಹೇಳಿ. ಆಮೇಲೆ ಅವರೇ ಬೇಡ ಅನ್ನುತ್ತಾರೆ.

ಕೊಪ್ಪದಿಂದ

ಹೀರೋ ಹೆಣ್ಣಳಿಲು ಮಾಡಿ. ಹೆಂಗಸನ್ನು ಬಿಡಿಸಿಕೊಂಡು ಬರುವ ಕಥೆ 1981ರಿಂದ ನೋಡಿ ಸಾಕಾಗಿದೆ. ಕೋಡ್‌ನಲ್ಲಿ ಏನೂ ಬದಲಾಗುವುದಿಲ್ಲ.

ಮಂಗನನ್ನು ವಿಲನ್ ಮಾಡಿದ್ದಕ್ಕೆ ತೋಟದವರೆಲ್ಲ ಚಪ್ಪಾಳೆ ಹೊಡೆಯುತ್ತಾರೆ, ನಾನೂ ಹೊಡೆಯುತ್ತೇನೆ. ಆದರೂ ಅವನು ಯಾಕೆ ಹೀಗೆ ಮಾಡಿದ ಅನ್ನುವುದಕ್ಕೆ ಒಂದು ಕಾರಣ ಹಿನ್ನೆಲೆಯ ಚಿತ್ರದಲ್ಲೇ ಇರಲಿ. ಒಂದೊಂದು ವರ್ಲ್ಡ್‌ಗೂ ಹಿಂದಿನ ಕಾಡು ತೆಳ್ಳಗಾಗುತ್ತಾ ಹೋಗಿ, ಕೊನೆಯಲ್ಲಿ ಅವನ ಕೋಟೆಯ ಸುತ್ತ ಬರೀ ಬುಡಗಳು. ಗಮನಿಸುವವರು ಗಮನಿಸುತ್ತಾರೆ, ಉಳಿದವರು ಆರಾಮಾಗಿ ಆಡಿಕೊಂಡು ಹೋಗುತ್ತಾರೆ.

ತೀರ್ಥಹಳ್ಳಿ ಮೇಷ್ಟ್ರು

ಕೊಪ್ಪದವರು ಹೇಳಿದ್ದು ಚೆನ್ನಾಗಿದೆ. ತಂಗಿಗೆ ಕೆಲಸ ಜಾಸ್ತಿ ಆಯಿತು ಅಂದರೆ ಇದನ್ನು ಹೇಳಿ, ಮೊದಲ ಮಾರಿಯೋದಲ್ಲಿ ಮೋಡವೂ ಪೊದೆಯೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. 1995ರ ರೇಮನ್ ಅನ್ನುವ ಗೇಮ್‌ನ ಹೀರೋಗೆ ತೋಳು, ಕಾಲು ಇಲ್ಲವೇ ಇಲ್ಲ, ಹಸ್ತ, ಪಾದ ಮಾತ್ರ ಗಾಳಿಯಲ್ಲಿ ತೇಲುತ್ತವೆ. ಯಾರೂ ಯಾಕೆ ಅಂತ ಕೇಳುವುದಿಲ್ಲ.

ಕೇಳಿದವರು

ಮಾತುಕತೆ ತೆಗೆಯುತ್ತೇನೆ. ತೂತು ಚೀಲ, ನೇರಳೆಹಣ್ಣು ಇಡುತ್ತೇವೆ. ಹೀರೋ ಹೆಣ್ಣು ಅಂತ ತಂಗಿ ತೀರ್ಮಾನ ಮಾಡಿ ಆಗಿದೆ, ನನ್ನನ್ನು ಕೇಳಲೇ ಇಲ್ಲ. ಯಾರಿಗೆ ಮೊದಲು ಆಡಲು ಕೊಡಲಿ?

ಶಿವಮೊಗ್ಗದಿಂದ

ಪಕ್ಕದ ಮನೆಯ ಮಕ್ಕಳಿಗೆ. ಗೇಮ್ ಬಗ್ಗೆ ಗೊತ್ತಿರುವ ಗೆಳೆಯರಿಗೆ ಕೊಡಬೇಡಿ, ಅವರು ಸಮಾಧಾನಕ್ಕೆ ಹೊಗಳುತ್ತಾರೆ. ಕೊಟ್ಟ ಮೇಲೆ ಪಕ್ಕದಲ್ಲಿ ಕೂತು ಬಾಯಿ ಮುಚ್ಚಿಕೊಂಡಿರಿ, "ಅಲ್ಲಿ ಹಾರು" ಅಂತ ಹೇಳಬೇಡಿ. ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಫೋನ್ ವಾಪಸ್ ಕೊಡುತ್ತಾರೆ, ಅದನ್ನು ಬರೆದುಕೊಳ್ಳಿ. ಮತ್ತೆ ಆಂಡ್ರಾಯ್ಡ್‌ನಲ್ಲೇ ಪರೀಕ್ಷೆ ಮಾಡಿ, ನಮ್ಮ ಕಡೆ ಮಕ್ಕಳ ಕೈಯಲ್ಲಿ ಇರುವುದು ಅಪ್ಪನ ಫೋನೇ. ಪರದೆಯ ಮೇಲಿನ ಬಟನ್‌ನಿಂದ ಹೆಬ್ಬೆರಳು ಜಾರುತ್ತಿರುತ್ತದೆ, ಹಾಗಾಗಿ ಜಂಪ್‌ಗೆ ಬಲಗಡೆಯ ಅರ್ಧ ಪರದೆ ಪೂರ್ತಿ ಬಿಡಿ, ಕೊಯೋಟೆ ಟೈಮ್ ಅನ್ನೂ ಸ್ವಲ್ಪ ಜಾಸ್ತಿ ಮಾಡಿ. ಡೆಮೊ ಆದಾಗ ಇಲ್ಲೇ ಹಾಕಿ.