ಕೋರ್‌ನಲ್ಲಿ 0.4 ಮಿಲಿಡಾರ್ಸಿ, ಟೆಸ್ಟ್‌ನಲ್ಲಿ 60. ಮಾಡೆಲ್ ಕೂಡುತ್ತಿಲ್ಲ, ನೀರೂ ಬೇಗ ಬಂತು

ಸುಣ್ಣಕಲ್ಲು:
ಎಲ್ಲರಿಗೂ ನಮಸ್ಕಾರ. ಸುಣ್ಣಕಲ್ಲಿನ ರಿಸರ್ವಾಯರ್, ಸದ್ಯಕ್ಕೆ ಒಂದೇ ಎಣ್ಣೆ ಬಾವಿ. ಕೋರ್ ಪ್ಲಗ್‌ಗಳಲ್ಲಿ (ಬಾವಿಯಿಂದ ತೆಗೆದ ಕಲ್ಲಿನ ಸಣ್ಣ ತುಂಡುಗಳು) ಪೊರಾಸಿಟಿ, ಅಂದರೆ ಕಲ್ಲಿನೊಳಗಿನ ಖಾಲಿ ಜಾಗ, ಶೇ 9. ಪರ್ಮಿಯಬಿಲಿಟಿ, ಅಂದರೆ ದ್ರವ ಹರಿಯಲು ಬಿಡುವ ಗುಣ, ಸರಾಸರಿ 0.4 ಮಿಲಿಡಾರ್ಸಿ. ಬಾವಿ ಮುಚ್ಚಿ ಒತ್ತಡ ಏರುವುದನ್ನು ಅಳೆಯುವ ಬಿಲ್ಡಪ್ ಟೆಸ್ಟ್ ಮಾತ್ರ 60 ಅನ್ನುತ್ತಿದೆ. ಸ್ಕಿನ್ (ಬಾವಿಯ ಬಳಿ ಹರಿವಿಗಿರುವ ಅಡ್ಡಿ) ಮೈನಸ್ 4, ಅಂದರೆ ಹರಿವು ತೀರಾ ಸಲೀಸು. ದಾರಿ ಬಿಡಿಸಲು ಆಸಿಡ್ ಹಾಕಿದ್ದೇ ಇಲ್ಲ!

ಮೊದಲ ತಿಂಗಳು ದಿನಕ್ಕೆ 1800 ಬ್ಯಾರೆಲ್ ಬಂತು, ನೀರಿನ ಸುಳಿವೂ ಇರಲಿಲ್ಲ. 8ನೇ ತಿಂಗಳಿಗೆ 500ಕ್ಕೆ ಇಳಿದಿದೆ. ಅದರಲ್ಲೂ ಅರ್ಧಕ್ಕರ್ಧ ನೀರು. ಸಿಮ್ಯುಲೇಷನ್‌ನಲ್ಲಿ ಪರ್ಮಿಯಬಿಲಿಟಿಯನ್ನು 150 ಪಟ್ಟು ಹೆಚ್ಚಿಸಿ ಮೊದಲ ತಿಂಗಳನ್ನು ಕೂಡಿಸಿದೆ. ಆಮೇಲಿನದು ಯಾವುದೂ ಕೂಡುತ್ತಿಲ್ಲ. ಮಾಡೆಲ್ ಪ್ರಕಾರ ನೀರು ಬರೋದಕ್ಕೆ ಇನ್ನೂ 3 ವರ್ಷ ಬೇಕು.

ಮೊನ್ನೆ 6 ಗಂಟೆ ಬಾವಿ ಮುಚ್ಚಿ ನೋಡಿದೆವು. ಒತ್ತಡ ಏರಿತು, ಆಮೇಲೆ ಮಟ್ಟಸವಾಗಿ ನಿಂತಿತು. ಎಣ್ಣೆ ಇರೋದೇ ಇಷ್ಟು ಅಂತ ನಮ್ಮವರ ಅಂಬೋಣ. ಎಲ್ಲಿ ಎಡವಿದ್ದೇನೆ?

ಕೋರ್‌ಪೆಟ್ಟಿಗೆ:
ಕೊರೆಯುವಾಗ ಮಡ್ ಲಾಸ್ (ಕೊರೆಯುವ ಕೆಸರು ಕಲ್ಲಿನೊಳಗೆ ಸೋರಿಹೋಗೋದು) ಆಗಿತ್ತಾ? ಡ್ರಿಲ್ಲಿಂಗ್ ರಿಪೋರ್ಟ್ ತೆಗೆದು ನೋಡಿ. ಇನ್ನೊಂದು, ಪ್ಲಗ್ ತೆಗೆಯೋದು ಯಾವಾಗಲೂ ಗಟ್ಟಿ ತುಂಡಿನಿಂದ. ಒಡೆದ ತುಂಡು ಪೆಟ್ಟಿಗೆಯಲ್ಲೇ ಉಳಿಯುತ್ತದೆ, ಅಲ್ವಾ? ಹಾಗಾಗಿ ನಿಮ್ಮ 0.4 ಸುಳ್ಳಲ್ಲ, ಅದು ಬಿರುಕುಗಳನ್ನು ಹೊರತುಪಡಿಸಿ ಉಳಿದ ಕಲ್ಲಿನ ಲೆಕ್ಕ.

ಪೆಟ್ಟಿಗೆಯಲ್ಲಿರುವ ಒಡಕುಗಳನ್ನು ಕೈಯಲ್ಲಿ ಹಿಡಿದು ನೋಡಿ. ಮುಖದ ಮೇಲೆ ಕ್ಯಾಲ್ಸೈಟ್ ಹರಳೋ ಎಣ್ಣೆಯ ಕಲೆಯೋ ಇದ್ದರೆ ಅದು ಹಳೆಯ ಬಿರುಕು. ತಾಜಾ, ಸ್ವಚ್ಛ ಒಡಕಾದರೆ ಕೊರೆಯುವಾಗ ಆಗಿರಬಹುದು.

ಸುಣ್ಣಕಲ್ಲು:
ಮಡ್ ಲಾಸ್ ಎರಡು ಕಡೆ ಆಗಿತ್ತು ಸರ್. ಕಲೆಯೂ ಇದೆ.

ಒತ್ತಡಗೇಜು:
ಹಾಗಾದರೆ ಬಿರುಕೇ. 150 ಪಟ್ಟು ಹೆಚ್ಚಿಸಿದ್ದೇ ಎಡವಟ್ಟು.

ಸುಮ್ನೆ ಒಂದು ಲೆಕ್ಕ ಹಾಕಿ. ಮೀಟರಿಗೊಂದು ಬಿರುಕು, ಅಗಲ 0.1 ಮಿಲಿಮೀಟರ್, ಗೋಡೆಗಳು ನುಣುಪು ಅಂತ ಇಟ್ಟುಕೊಳ್ಳಿ. ಅಗಲದ ಘನವನ್ನು 12ರಿಂದಲೂ ಅಂತರದಿಂದಲೂ ಭಾಗಿಸಿದರೆ ಸುಮಾರು 84 ಮಿಲಿಡಾರ್ಸಿ. ಆದರೆ ಆ ಬಿರುಕಿನ ಪೊರಾಸಿಟಿ ಬರೀ ಶೇ 0.01. ಹರಿಯೋದೆಲ್ಲ ಅಲ್ಲಿ, ಎಣ್ಣೆ ಕೂತಿರೋದು ಪಕ್ಕದ ಕಲ್ಲಿನಲ್ಲಿ. ನಿಮ್ಮ ಮಾಡೆಲ್‌ನಲ್ಲಿ ನೀರು ಶೇ 9ರ ಜಾಗವನ್ನು ತುಂಬಿಕೊಂಡು ಬರಬೇಕು. ನಿಜವಾದ ಕಲ್ಲಿನಲ್ಲಿ ಅದಕ್ಕೆ ಬಿರುಕು ತುಂಬಿದರೆ ಸಾಕು. ತಿಂಗಳುಗಳಿಗೂ ವರ್ಷಗಳಿಗೂ ಇರುವ ವ್ಯತ್ಯಾಸ ಅಲ್ಲೇ ಇದೆ.

ಉತ್ಪಾದನೆ ಬಿದ್ದಿದ್ದೂ ಹೀಗೇ. ಬಿರುಕಿನಲ್ಲಿದ್ದದ್ದು ಬೇಗ ಖಾಲಿ, ಕಲ್ಲು ನಿಧಾನಕ್ಕೆ ಕೊಡುತ್ತದೆ. ಜೊತೆಗೆ ಒಳಗಿನ ಒತ್ತಡ ಇಳಿದಂತೆ ಮೇಲಿನ ಕಲ್ಲಿನ ಭಾರ ಬಿರುಕನ್ನು ಅದುಮುತ್ತದೆ. ಅಗಲ ಅರ್ಧವಾದರೆ ಹರಿವು ಎಂಟನೇ ಒಂದು ಭಾಗ! ಹರಳುಗಳು ಊರೆಗೋಲಾಗಿ ನಿಂತಿದ್ದರೆ ಅಷ್ಟು ಮುಚ್ಚಲ್ಲ.

ಆ 6 ಗಂಟೆಯ ಟೆಸ್ಟ್ ನನಗೆ ಅನುಮಾನ. ವಾರನ್ ಮತ್ತು ರೂಟ್ 1963ರಲ್ಲಿ ಇಂಥ ಕಲ್ಲನ್ನು ಸಕ್ಕರೆ ಅಚ್ಚುಗಳ ರಾಶಿಯಂತೆ ಕಲ್ಪಿಸಿಕೊಂಡರು. ಅಚ್ಚುಗಳು ಕಲ್ಲು, ನಡುವಿನ ಸಂದು ಬಿರುಕು. ಬಾವಿ ಮುಚ್ಚಿದಾಗ ಮೊದಲು ಬಿರುಕಿನ ಒತ್ತಡ ಏರುತ್ತದೆ, ನಡುವೆ ಒಂದು ಮಟ್ಟಸ, ಆಮೇಲೆ ಕಲ್ಲೂ ಬಿರುಕೂ ಸೇರಿ ಮತ್ತೆ ಏರುತ್ತವೆ. ನೀವು ಮಟ್ಟಸದಲ್ಲೇ ಎದ್ದು ಬಂದಿದ್ದೀರಿ ಅನ್ನಿಸುತ್ತದೆ. 72 ಗಂಟೆ ಮುಚ್ಚಿ. ಸಾಧ್ಯವಾದರೆ ತಳದಲ್ಲೇ ಮುಚ್ಚಿ, ಇಲ್ಲದಿದ್ದರೆ ಬಾವಿಯೊಳಗಿನ ದ್ರವವೇ ಬಿರುಕಿನ ಆ ಮೊದಲ ಏರಿಕೆಯನ್ನು ನುಂಗಿಬಿಡುತ್ತದೆ.

ಸುಣ್ಣಕಲ್ಲು:
ಮೂರು ದಿನ ಬಾವಿ ಮುಚ್ಚಲು ಒಪ್ಪಿಸುವಷ್ಟರಲ್ಲಿ ಸಾಕಾಯಿತು. ಆದರೆ ಹೇಳಿದ ಹಾಗೇ ಆಯಿತು! 10ನೇ ಗಂಟೆಯವರೆಗೂ ಮಟ್ಟಸ, ಆಮೇಲೆ ಮತ್ತೆ ಏರಿತು. ಹಾರ್ನರ್ ಪ್ಲಾಟ್‌ನಲ್ಲಿ (ಒತ್ತಡವನ್ನು ಸಮಯದ ಲಾಗರಿದಮ್ ಅಳತೆಯ ಎದುರು ಬಿಡಿಸಿದ ನಕ್ಷೆ) ಎರಡು ಸಮಾನಾಂತರ ಗೆರೆ. ಇಳಿಜಾರು ಸೈಕಲ್‌ಗೆ, ಅಂದರೆ ಆ ಅಳತೆಯ ಪ್ರತಿ ಹತ್ತು ಪಟ್ಟಿಗೆ, 20 ಪಿಎಸ್‌ಐ (ಒತ್ತಡದ ಅಳತೆ), ಗೆರೆಗಳ ನಡುವೆ 30.

ಒತ್ತಡಗೇಜು:
30 ಭಾಗಿಸು 20, ಅಂದರೆ 1.5. ಹತ್ತರ ಘಾತ ಮೈನಸ್ 1.5 ಸುಮಾರು 0.03. ಇದೇ ಒಮೆಗಾ. ಒಟ್ಟು ಸಂಗ್ರಹ ಸಾಮರ್ಥ್ಯದಲ್ಲಿ ಬಿರುಕಿನ ಪಾಲು ಶೇ 3, ಮಿಕ್ಕಿದ್ದೆಲ್ಲ ಕಲ್ಲಿನದು. ಇರೋದೇ ಇಷ್ಟು ಅಂದವರಿಗೆ ಈ ಗೆರೆ ತೋರಿಸಿ. ಕಲ್ಲನ್ನೂ ಬಿರುಕನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕುವ ಡುಯಲ್ ಪೊರಾಸಿಟಿ ಮಾಡೆಲ್‌ಗೆ ಬದಲಾಯಿಸಿ, ಬಾವಿಯ ಹರಿವು ಹಿಡಿದಿಡುವ ಚೋಕ್ ಚಿಕ್ಕದು ಮಾಡಿ. ಜಾಸ್ತಿ ಎಳೆದಷ್ಟೂ ಕೆಳಗಿನ ನೀರು ಬಿರುಕು ಹಿಡಿದು ಮೇಲೇರುತ್ತದೆ.

ಕೋರ್‌ಪೆಟ್ಟಿಗೆ:
ನೀರನ್ನು ಪೂರ್ತಿ ಬೈಯಬೇಡಿ. ಉತ್ತರ ಸಮುದ್ರದ ಎಕೋಫಿಸ್ಕ್ ಕೂಡ ಬಿರುಕಿನ ಸೀಮೆಸುಣ್ಣದ ಕಲ್ಲೇ. ಅಲ್ಲಿ 1987ರಿಂದ ಬೇಕಂತಲೇ ನೀರು ತುಂಬುತ್ತಾ ಬಂದರು. ಕಲ್ಲು ನೀರು ಹೀರಿಕೊಂಡು ಎಣ್ಣೆಯನ್ನು ಬಿರುಕಿಗೆ ತಳ್ಳಿತು. ನಿಮ್ಮ ಕಲ್ಲು ನೀರು ಹೀರುತ್ತದಾ ಅಂತ ಲ್ಯಾಬ್‌ನಲ್ಲಿ ನೋಡಿಸಿ. ಎಣ್ಣೆಗೇ ಅಂಟುವ ಜಾತಿಯಾದರೆ ಆ ಆಟ ನಡೆಯಲ್ಲ.

ಸುಣ್ಣಕಲ್ಲು:
ಡುಯಲ್ ಪೊರಾಸಿಟಿಯಲ್ಲಿ ನೀರು 6ನೇ ತಿಂಗಳಿಗೇ ಬಂತು, ನಿಜಕ್ಕೆ ಹತ್ತಿರ. ಚೋಕ್ ಇಳಿಸಿದ ಮೇಲೆ ವಾಟರ್ ಕಟ್ (ಬರುವ ದ್ರವದಲ್ಲಿ ನೀರಿನ ಪಾಲು) ಶೇ 35ಕ್ಕೆ ಬಂದಿದೆ. ಕೊನೆಯ ಎರಡು ತಿಂಗಳ ಎಣ್ಣೆ ಮಾತ್ರ ಇನ್ನೂ ಕೂಡುತ್ತಿಲ್ಲ. ಬಿರುಕುಗಳ ನಡುವಿನ ಕಲ್ಲಿನ ಅಚ್ಚಿನ ಗಾತ್ರ 3 ಮೀಟರ್ ಅಂತ ಊಹೆಯಲ್ಲಿ ಹಾಕಿದ್ದೇನೆ.

ಒತ್ತಡಗೇಜು:
ಅದನ್ನು ಊಹಿಸಬೇಡಿ, ಇಮೇಜ್ ಲಾಗ್‌ನಲ್ಲಿ (ಬಾವಿ ಗೋಡೆಯ ಚಿತ್ರ) ಬಿರುಕು ಎಣಿಸಿ. ಬಾವಿ ನೆಟ್ಟಗಿದ್ದರೆ ನೆಟ್ಟಗಿನ ಬಿರುಕುಗಳು ಅದಕ್ಕೆ ಸಿಗೋದೇ ಕಡಿಮೆ. ಆ ತಿದ್ದುಪಡಿ ಹಾಕಿ ಮತ್ತೆ ಓಡಿಸಿ.