ಸಹಾಯ ಬೇಕು: ಕೀನ್ಯಾದ ಕಿಸುಮುವಿನಲ್ಲಿ ಅನಾಥ ಮಕ್ಕಳಿಗೊಂದು ಶಾಲೆ

ಎಲ್ಲರಿಗೂ ನಮಸ್ಕಾರ. ವಿಕ್ಟೋರಿಯಾ ಸರೋವರದ ದಡದ ಕಿಸುಮುವಿನಲ್ಲಿ ಸ್ಥಳೀಯರೊಬ್ಬರು ನಡೆಸುವ ಮಕ್ಕಳ ಮನೆಯೊಂದರ ಲೆಕ್ಕಪತ್ರಗಳನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಇಲ್ಲಿಯ ಹಲವು ಮಕ್ಕಳು ಏಡ್ಸ್‌ನಿಂದಾಗಿ ತಂದೆತಾಯಿಯರನ್ನು ಕಳೆದುಕೊಂಡವರು. 2003ರಿಂದ ಸರ್ಕಾರಿ ಪ್ರಾಥಮಿಕ ಶಿಕ್ಷಣ ಉಚಿತವಾಗಿದ್ದರೂ ಸಮವಸ್ತ್ರ, ಪುಸ್ತಕಗಳ ಖರ್ಚು ಹೊಂದಿಸುವುದೇ ನಮಗೆ ಕಷ್ಟವಾಗಿದೆ.

ಕೀನ್ಯಾ ಸರ್ಕಾರವು 2017ರ ನವೆಂಬರ್‌ನಲ್ಲಿ ಹೊಸ ಮಕ್ಕಳ ಮನೆಗಳ ನೋಂದಣಿಯನ್ನು ತಡೆಹಿಡಿಯಿತು. 2022ರ ಮಕ್ಕಳ ಕಾಯ್ದೆಯೂ ಸಂಸ್ಥೆಗಳಿಗಿಂತ ಕುಟುಂಬದ ಆರೈಕೆಗೇ ಒತ್ತು ಕೊಡುತ್ತದೆ. ಇದು ಸರಿಯಾದ ನಿಲುವೆಂದೇ ನನ್ನ ಅನಿಸಿಕೆ. ಆದ್ದರಿಂದ ಮನೆಯನ್ನು ವಿಸ್ತರಿಸುವುದನ್ನು ಬಿಟ್ಟು, ಹಳ್ಳಿಗಳಲ್ಲಿ ಅಜ್ಜಿಯರ ಆಶ್ರಯದಲ್ಲಿರುವ ಮಕ್ಕಳೂ ಬಂದು ಕಲಿತು ಸಂಜೆಗೆ ಮನೆಗೆ ಮರಳಬಹುದಾದ ಹಗಲು ಶಾಲೆಯೊಂದನ್ನು ತೆರೆಯಬೇಕೆಂದಿದ್ದೇವೆ.

ಬೆಂಗಳೂರಿನ ಟ್ರಸ್ಟೊಂದು ಹಣ ಕೊಡಲು ಮುಂದೆ ಬಂದಿದೆ. ಆದರೆ ಭಾರತದ ದತ್ತಿ ಟ್ರಸ್ಟ್ ವಿದೇಶದಲ್ಲಿ ವೆಚ್ಚ ಮಾಡುವ ಹಣಕ್ಕೆ, ಕೇಂದ್ರ ನೇರ ತೆರಿಗೆ ಮಂಡಳಿಯ ಅನುಮೋದನೆಯಿಲ್ಲದೆ ಸಾಮಾನ್ಯವಾಗಿ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಅಂಥ ಅನುಮೋದನೆ ಪಡೆದ ಅನುಭವವಿರುವ ಲೆಕ್ಕಪರಿಶೋಧಕರು ಇಲ್ಲಿದ್ದರೆ ದಯವಿಟ್ಟು ಮಾರ್ಗದರ್ಶನ ನೀಡಿ.

ಇನ್ನೊಂದು ಕೋರಿಕೆ. ನಮ್ಮಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂರಬೇಕಾಗುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿಕಲಿ ಪದ್ಧತಿಯಲ್ಲಿ ಪಾಠ ಮಾಡಿದ ನಿವೃತ್ತ ಶಿಕ್ಷಕರು ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಿ ನಮ್ಮ ಶಿಕ್ಷಕಿಯರಿಗೆ ತರಬೇತಿ ಕೊಡಬಲ್ಲಿರಾ? ಅವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಹಳೆಯ ಬಟ್ಟೆಗಳನ್ನು ಮಾತ್ರ ದಯವಿಟ್ಟು ಕಳುಹಿಸಬೇಡಿ. ಸಾಗಣೆಯ ಖರ್ಚೇ ಬಟ್ಟೆಯ ಬೆಲೆಯನ್ನು ಮೀರುತ್ತದೆ.